ತಣ್ಣೀರಿನ ನಲ್ಲಿ ಸೊರಗಿದಾಗ

ಈ ಸಲದ ಯುಗಾದಿ ಕಳೆದು ನಾಲ್ಕೈದು ದಿನಗಳಾಗಿದ್ದವು. ನೆಲಮಹಡಿಯ ಬಚ್ಚಲಿನಲ್ಲಿ ಸ್ನಾನಕ್ಕೆ ನೀರು ತೋಡಿಕೊಳ್ಳುತ್ತಿದ್ದ ನಮ್ಮತ್ತೆ ಕೂಗಿಕೊಂಡದ್ದು ಮೇಲಿನ ಮಹಡಿಯಲ್ಲಿದ್ದ ನನಗೆ ಕೇಳಿಸಿತು. ಇಳಿದು ಹೋಗಿ ನೋಡಿದರೆ ಅವರ ಬಲಗೈಯ ಬೆರಳುಗಳು ಕೆಂಪಾಗಿದ್ದವು. ಬಿಸಿನೀರಿನ ನಲ್ಲಿ ಎಂದಿನಂತೆ ಧಾರಾಳವಾಗಿ ಸುರಿಯುತ್ತಿತ್ತು. ಅದರ ಪಕ್ಕದ ತಣ್ಣೀರಿನ ನಲ್ಲಿಯಲ್ಲಿ ಮಾತ್ರ ಧಾರೆ ದಾರದಂತೆ ಸಣ್ಣಗಾಗಿತ್ತು. ಎರಡನ್ನೂ ತಿರುಗಿಸಿ ಬಕೆಟ್ ಅರ್ಧ ತುಂಬಿದ ಮೇಲೆ ಕೈಯಿಟ್ಟು ನೋಡುವುದು ಅವರ ಎಷ್ಟೋ ವರ್ಷಗಳ ರೂಢಿ. ಏಪ್ರಿಲ್ ಬಿಸಿಲಿಗೆ ಕಾದ ಸೋಲಾರ್ ನೀರು 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ, ಅಷ್ಟು ಬಿಸಿಗೆ ಚರ್ಮ ಸುಡಲು ಕೆಲವೇ ಸೆಕೆಂಡುಗಳು ಸಾಕು, ವಯಸ್ಸಾದವರ ತೆಳುವಾದ ಚರ್ಮಕ್ಕೆ ಅಷ್ಟೂ ಬೇಡ. ಅತ್ತೆಯವರಿಗೆ 79 ವರ್ಷ. ತಣ್ಣೀರು ನಿಧಾನವಾಗಿ ಬರುತ್ತಿದೆ ಎಂಬುದನ್ನು ಅದಕ್ಕೂ ಮೊದಲು ನಾವೆಲ್ಲರೂ ಗಮನಿಸಿದ್ದೆವು, ಆದರೆ ಅದನ್ನು ಸಣ್ಣ ತೊಂದರೆಯೆಂದು ಪಕ್ಕಕ್ಕಿಟ್ಟಿದ್ದೆವು. ಅಂದಿನಿಂದ ಹಾಗೆ ಇಡಲಾಗಲಿಲ್ಲ.

ನಮ್ಮದು ಬನಶಂಕರಿ 3ನೇ ಹಂತದಲ್ಲಿ ಮಾವನವರು 1994ರಲ್ಲಿ ಕಟ್ಟಿಸಿದ ಮನೆ: ನೆಲಮಹಡಿ, ಅದರ ಮೇಲೊಂದು ಮಹಡಿ, ಅದರ ಮೇಲೆ ತಾರಸಿ. ರಸ್ತೆಯ ಕೊಳವೆಯಿಂದ ಬರುವ ಕಾವೇರಿ ನೀರು ಮೊದಲು ನೆಲದೊಳಗಿನ ಸಂಪು ತೊಟ್ಟಿಗೆ ಬೀಳುತ್ತದೆ. ಮೋಟರು ಅದನ್ನು ಮೆಟ್ಟಿಲ ಕೋಣೆಯ ತಲೆಯ ಮೇಲೆ ಕೂರಿಸಿರುವ 1000 ಲೀಟರಿನ ಟ್ಯಾಂಕಿಗೆ ಏರಿಸುತ್ತದೆ. ಅಲ್ಲಿಂದ ಮುಂದೆ ಮನೆಯೊಳಗಿನ ನೀರಿಗೆ ಯಾವ ಯಂತ್ರದ ಬಲವೂ ಇಲ್ಲ, ಅದು ತನ್ನ ಎತ್ತರದ ಬಲದಿಂದಲೇ ಇಳಿದು ಬರಬೇಕು. ಟ್ಯಾಂಕಿನ ತಳದ ಬಳಿಯಿಂದ ಎರಡು ಕೊಳವೆಗಳು ಬೇರೆಬೇರೆಯಾಗಿ ಹೊರಡುತ್ತವೆ. ಮುಕ್ಕಾಲು ಇಂಚಿನದು ತಾರಸಿಯ ಸೋಲಾರ್ ಹೀಟರಿಗೆ ಹೋಗಿ, ಅಲ್ಲಿ ಕಾದ ನೀರು ತನ್ನದೇ ಲೈನಿನಲ್ಲಿ ಕೆಳಗಿಳಿಯುತ್ತದೆ. ಒಂದು ಇಂಚಿನದು ಚಕ್ರ ತಿರುಗಿಸಿ ನೀರು ಮುಚ್ಚುವ ಒಂದು ಗೇಟ್ ವಾಲ್ವನ್ನು ದಾಟಿ, ತಾರಸಿಯ ನಲ್ಲಿಗೊಂದು ಕವಲು ಕೊಟ್ಟು, ಗೋಡೆಯ ಹೊರಮೈಗುಂಟ ಇಳಿದು ಎರಡೂ ಮಹಡಿಗಳ ಬಚ್ಚಲು ಮತ್ತು ಅಡುಗೆಮನೆಗಳಿಗೆ ತಣ್ಣೀರು ಹಂಚುತ್ತದೆ. 2012ರಲ್ಲಿ ಮನೆಯನ್ನು ನವೀಕರಿಸಿದಾಗ ಗೋಡೆಯೊಳಗಿನ ಹಳೆಯ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಕೊಳವೆಗಳನ್ನೆಲ್ಲ ತೆಗೆದು ಸಿಪಿವಿಸಿ ಎಂಬ ಪ್ಲಾಸ್ಟಿಕ್ ಕೊಳವೆ ಹಾಕಿಸಿದೆವು, ತಾರಸಿಯ ಮೇಲಿನ ಭಾಗವನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟೆವು. ಇಷ್ಟು ವಿವರ ಏಕೆಂದರೆ ನೀರು ಯಾವ ದಾರಿಯಲ್ಲಿ ಬರುತ್ತದೆ, ಎಲ್ಲೆಲ್ಲಿ ಕವಲೊಡೆಯುತ್ತದೆ ಎಂಬ ನಕ್ಷೆ ಮನಸ್ಸಿನಲ್ಲಿ ಇಲ್ಲದೆ ಹೋದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥ ಬರುವುದಿಲ್ಲ. ನಾನು ಮೊದಲು ಮಾಡಿದ್ದು ಒಂದು ಹಾಳೆಯ ಮೇಲೆ ಆ ದಾರಿಯನ್ನು ಬರೆದುಕೊಂಡದ್ದು.

ಅದಕ್ಕೂ ಮೊದಲು ಇಬ್ಬರು ಪ್ಲಂಬರುಗಳು ಬಂದು ಹೋಗಿದ್ದರು. ಮೊದಲನೆಯವರು ಮೇಲಿನ ಬಚ್ಚಲಿನ ನಲ್ಲಿಯನ್ನೊಮ್ಮೆ ತಿರುಗಿಸಿ, "ಮೇಡಂ, ಲೈನ್ ಪೂರಾ ಉಪ್ಪು ಕಟ್ಕೊಂಡಿದೆ, ಟೈಲ್ಸ್ ಒಡೆದು ಹೊಸದಾಗಿ ಎಳೀಬೇಕು" ಎಂದರು. ಎರಡನೆಯವರು ನೆಲಮಹಡಿಯಲ್ಲಿ ನೀರು ಸ್ವಲ್ಪ ಜೋರಾಗಿಯೇ ಇರುವುದನ್ನು ಕಂಡು, ಟ್ಯಾಂಕಿನ ಎತ್ತರ ಸಾಲದು, ಪ್ರೆಶರ್ ಪಂಪ್ ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂದರು. ಇಬ್ಬರೂ ಅನುಭವಸ್ಥರೇ, ಇಬ್ಬರು ಹೇಳಿದ ಕಾರಣಗಳೂ ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣಗಳೇ. ಆದರೆ ದೋಷ ಎಲ್ಲಿದೆ ಎಂದು ಹುಡುಕದೆ ಅದರ ಹೆಸರನ್ನು ಹೇಳಿಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಅತ್ತೆಯವರ ಬಚ್ಚಲಿನ ಗೋಡೆ ಒಡೆದರೆ ಎರಡು ವಾರ ಅವರಿಗೆ ಸ್ನಾನಕ್ಕೆ ಮೆಟ್ಟಿಲು ಹತ್ತಿಸಬೇಕು, ಅದು ಅವರ ಮೊಣಕಾಲುಗಳಿಗೆ ಆಗದ ಮಾತು. ಅಷ್ಟು ದೊಡ್ಡ ಕೆಲಸಕ್ಕೆ ಒಪ್ಪುವ ಮೊದಲು ಅದು ಬೇಕೇ ಎಂದು ತಿಳಿಯಬೇಕಿತ್ತು.

ಹಾಗಾಗಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿಂದ ಆರಂಭಿಸಿದೆ. ತೊಂದರೆ ಒಂದೇ ನಲ್ಲಿಯದೋ ಎಲ್ಲ ನಲ್ಲಿಗಳದೋ. ತಣ್ಣೀರಿನದು ಮಾತ್ರವೋ ಬಿಸಿನೀರಿನದೂ ಹೌದೋ. ಯಾವಾಗಲೂ ಹಾಗೆಯೋ, ಇನ್ನೊಂದು ನಲ್ಲಿ ತೆರೆದಾಗ ಮಾತ್ರವೋ. ವರ್ಷಗಳಿಂದ ಮೆಲ್ಲಗೆ ಕುಗ್ಗುತ್ತ ಬಂದದ್ದೋ, ಒಂದು ದಿನ ಇದ್ದಕ್ಕಿದ್ದಂತೆ ಕಾಣಿಸಿಕೊಂಡದ್ದೋ. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗದ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದುಹೋಗುತ್ತದೆ. ನಮ್ಮಲ್ಲಿ ಎಲ್ಲ ತಣ್ಣೀರಿನ ನಲ್ಲಿಗಳೂ ಸೊರಗಿದ್ದವು, ಬಿಸಿನೀರಿನ ಒಂದು ನಲ್ಲಿಯೂ ಸೊರಗಿರಲಿಲ್ಲ, ಹಗಲು ರಾತ್ರಿ ಒಂದೇ ಸ್ಥಿತಿ. ಯಾವಾಗಿನಿಂದ ಎಂಬುದಕ್ಕೆ ಮನೆಯವರು ತಲೆಗೊಂದು ಉತ್ತರ ಕೊಟ್ಟರು. ಕೊನೆಗೆ ಕೆಲಸಕ್ಕೆ ಬರುವಾಕೆ, ಹಬ್ಬಕ್ಕೆ ಮುನ್ನ ಮನೆ ತೊಳೆಯುವಾಗ ಬಕೆಟ್ ಬೇಗನೆ ತುಂಬುತ್ತಿತ್ತು, ಹಬ್ಬ ಮುಗಿದ ಮೇಲೆ ಪಾತ್ರೆ ತೊಳೆಯಲು ಇಮ್ಮಡಿ ಹೊತ್ತು ಹಿಡಿಯುತ್ತಿದೆ ಎಂದು ಖಚಿತವಾಗಿ ಹೇಳಿದಳು. ನೀರಿನ ಜೊತೆ ದಿನಕ್ಕೆ ಹೆಚ್ಚು ಹೊತ್ತು ಕಳೆಯುವವರ ಮಾತಿಗೆ ಈ ವಿಷಯದಲ್ಲಿ ಹೆಚ್ಚು ತೂಕವಿರಬೇಕು.

ಮುಂದಿನದು ಅಳತೆ. ಇದಕ್ಕೆ 10 ಲೀಟರಿನ ಬಕೆಟ್ ಮತ್ತು ಮೊಬೈಲಿನ ಗಡಿಯಾರ ಬಿಟ್ಟು ಬೇರೇನೂ ಬೇಡ. ಬಕೆಟ್ಟಿನ ಅಳತೆಯ ಬಗ್ಗೆ ಅನುಮಾನವಿದ್ದರೆ ಒಂದು ಲೀಟರಿನ ನೀರಿನ ಬಾಟಲಿಯಿಂದ ಹತ್ತು ಸಲ ತುಂಬಿ ಒಳಗೆ ಗುರುತು ಮಾಡಿಕೊಳ್ಳಬಹುದು. ಮನೆಯಲ್ಲಿ ಬೇರಾವ ನಲ್ಲಿಯೂ ತೆರೆದಿರಬಾರದು, ಟ್ಯಾಂಕ್ ತುಂಬಿರಬೇಕು, ಅಳೆಯುವ ನಲ್ಲಿಯನ್ನು ಪೂರ್ತಿ ತಿರುಗಿಸಿರಬೇಕು. ಮೇಲಿನ ಬಚ್ಚಲಿನಲ್ಲಿ ಬಿಸಿನೀರು ಬಕೆಟ್ ತುಂಬಿದ್ದು 62 ಸೆಕೆಂಡಿನಲ್ಲಿ, ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 9.7 ಲೀಟರ್. ಅದೇ ಗೋಡೆಯ ತಣ್ಣೀರಿನ ನಲ್ಲಿಗೆ 3 ನಿಮಿಷ 50 ಸೆಕೆಂಡು ಬೇಕಾಯಿತು, ಅಂದರೆ ನಿಮಿಷಕ್ಕೆ 2.6 ಲೀಟರ್. ನೆಲಮಹಡಿಯ ಬಚ್ಚಲಿನ ತಣ್ಣೀರು 3 ನಿಮಿಷ 8 ಸೆಕೆಂಡು ತೆಗೆದುಕೊಂಡಿತು. ಮೇಲಿನ ಅಡುಗೆಮನೆಯದು ಎಲ್ಲಕ್ಕಿಂತ ಕೆಟ್ಟದಾಗಿತ್ತು, 7 ನಿಮಿಷ ಕಳೆದರೂ ಬಕೆಟ್ ತುಂಬಲಿಲ್ಲ. "ಕಡಿಮೆ ಬರುತ್ತಿದೆ" ಎಂಬ ದೂರು ಹೀಗೆ ನಾಲ್ಕು ಅಂಕಿಗಳಾದ ಕೂಡಲೇ ಅವು ತಾವಾಗಿಯೇ ಏನನ್ನೋ ಹೇಳತೊಡಗಿದವು: ಅಡುಗೆಮನೆಗೆ ಎಲ್ಲರ ತೊಂದರೆಯ ಜೊತೆಗೆ ತನ್ನದೇ ಇನ್ನೊಂದು ತೊಂದರೆಯೂ ಇರಬೇಕು.

ಅದು ಸುಲಭದ್ದಾಗಿತ್ತು. ಸಿಂಕಿನ ನಲ್ಲಿಯ ಬಾಯಿಗೆ ತಿರುಪಿ ಕೂರಿಸುವ ಜಾಲರಿ, ಅಂದರೆ ಏರೇಟರ್, ನೀರಿಗೆ ಗಾಳಿ ಬೆರೆಸಿ ಖರ್ಚನ್ನು ತಗ್ಗಿಸುತ್ತದೆ; 2024ರ ಬೇಸಿಗೆಯ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೂ ಅಪಾರ್ಟ್‌ಮೆಂಟುಗಳಿಗೂ ಇದನ್ನು ಕಡ್ಡಾಯ ಮಾಡಿದಾಗ ಎಷ್ಟೋ ಮನೆಗಳವರು ತಾವಾಗಿಯೇ ಹಾಕಿಸಿಕೊಂಡರು, ನಾವೂ ಹಾಕಿಸಿಕೊಂಡೆವು. ಒಳ್ಳೆಯ ವಸ್ತುವೇ, ಆದರೆ ಆಗಾಗ ಬಿಚ್ಚಿ ತೊಳೆಯಬೇಕೆಂಬುದನ್ನು ಮರೆತರೆ ಅದೇ ಅಡ್ಡಿಯಾಗುತ್ತದೆ. ನಮ್ಮದನ್ನು ಬಿಚ್ಚಿ ಅಂಗೈ ಮೇಲೆ ಕೊಡವಿದಾಗ ಸಣ್ಣ ಮರಳು, ಸುಣ್ಣದಂತಹ ಬಿಳಿಯ ಚೂರು, ಥ್ರೆಡ್ ಟೇಪಿನ ಎಳೆ, ತುಕ್ಕಿನ ಹಕ್ಕಳೆ ಎಲ್ಲವೂ ಬಿದ್ದವು. ರಾತ್ರಿಯಿಡೀ ವಿನಿಗರ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಮರಳಿ ಹಾಕಿ ಅಳೆದರೆ ಅಡುಗೆಮನೆಯ ನಲ್ಲಿ 4 ನಿಮಿಷ 5 ಸೆಕೆಂಡಿಗೆ ಬಂತು. ಅಂದರೆ ಬಚ್ಚಲಿನ ನಲ್ಲಿಯ ಅಂಕಿಗೆ ಬಹುಮಟ್ಟಿಗೆ ಸರಿಸಮ. ಇಲ್ಲಿಗೆ ಸಂತೋಷಪಟ್ಟು ನಿಲ್ಲಿಸಬಹುದಿತ್ತು. ಆದರೆ ಎರಡು ಬೇರೆ ಬೇರೆ ಕವಲುಗಳ ಕೊನೆಯಲ್ಲಿರುವ ನಲ್ಲಿಗಳು ಒಂದೇ ಪ್ರಮಾಣದಲ್ಲಿ ಸೊರಗಿವೆ ಎಂದರೆ, ಅವೆರಡೂ ಹಂಚಿಕೊಂಡಿರುವ ದಾರಿಯಲ್ಲೇ ಎಲ್ಲೋ ನೀರು ತಡೆಯುತ್ತಿದೆ ಎಂದೇ ಅರ್ಥ.

ತೊಂದರೆ ಒಂದೇ ನಲ್ಲಿಯದಾಗಿದ್ದರೆ ಹುಡುಕಾಟ ಆ ಗೋಡೆಯ ಬಳಿಯೇ ಮುಗಿಯುತ್ತದೆ. ಮೊದಲು ಜಾಲರಿ, ಆಮೇಲೆ ಸಿಂಕು ಅಥವಾ ಬೇಸಿನ್ನಿನ ಕೆಳಗೆ ಗೋಡೆಯಲ್ಲಿ ನೀರು ಮುಚ್ಚಲು ಇರುವ ಸಣ್ಣ ತಿರುಪು, ಅಂದರೆ ಆಂಗಲ್ ಕಾಕ್, ಪೂರ್ತಿ ತೆರೆದಿದೆಯೇ ಎಂಬುದು, ಆಮೇಲೆ ಅದರಿಂದ ನಲ್ಲಿಗೆ ಹೋಗುವ ಕನೆಕ್ಷನ್ ಪೈಪು. ಈ ಪೈಪು ಮಡಿಚಿಕೊಂಡಿರಬಹುದು, ಒಳಗಿನ ರಬ್ಬರು ಹಳತಾಗಿ ಕುಸಿದಿರಬಹುದು. ಆಂಗಲ್ ಕಾಕನ್ನು ಮುಚ್ಚಿ, ಪೈಪಿನ ಮೇಲ್ತುದಿಯನ್ನು ಬಿಚ್ಚಿ, ಬಕೆಟ್ಟಿನೊಳಗೆ ಹಿಡಿದು ಮತ್ತೆ ತೆರೆದರೆ ಅಲ್ಲಿಯವರೆಗೆ ನೀರು ಎಷ್ಟು ಬರುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ: ಅಲ್ಲಿ ರಭಸವಾಗಿದ್ದು ನಲ್ಲಿಯಲ್ಲಿ ಸಣ್ಣದಾದರೆ ದೋಷ ನಲ್ಲಿಯ ಹೊಟ್ಟೆಯಲ್ಲಿದೆ. ಒಂದೇ ಹಿಡಿಕೆಯ ಮಿಕ್ಸರ್ ಮತ್ತು ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಡೈವರ್ಟರುಗಳಲ್ಲಿ ಬಿಸಿ ಮತ್ತು ತಣ್ಣೀರಿಗೆ ಬೇರೆಬೇರೆ ರಂಧ್ರಗಳಿರುವ ಕಾರ್ಟ್ರಿಜ್ ಇರುತ್ತದೆ. ತಣ್ಣೀರಿನ ರಂಧ್ರಕ್ಕೆ ಮಾತ್ರ ಕಸ ಸಿಕ್ಕಿಕೊಂಡು, ಬಿಸಿನೀರು ಚೆನ್ನಾಗಿ ಬರುತ್ತ ತಣ್ಣೀರು ಸೊರಗುವುದು ಬಹಳ ಕಡೆ ಆಗುತ್ತದೆ. ವಿದ್ಯುತ್ ಗೀಸರ್ ಇರುವ ಮನೆಗಳಲ್ಲಂತೂ ಈ ಹೋಲಿಕೆ ಇನ್ನೂ ಸ್ಪಷ್ಟವಾಗಿ ಕೆಲಸಕ್ಕೆ ಬರುತ್ತದೆ. ಅಲ್ಲಿ ಗೀಸರಿಗೆ ಹೋಗುವ ನೀರು ಸಾಮಾನ್ಯವಾಗಿ ಅದೇ ಬಚ್ಚಲಿನ ತಣ್ಣೀರಿನ ಕೊಳವೆಯಿಂದ ಕವಲೊಡೆದದ್ದು, ಗೀಸರನ್ನು ಸುತ್ತಿ ಬರುವ ಅದರ ದಾರಿಯೇ ಹೆಚ್ಚು ಉದ್ದ. ಅಷ್ಟಾದರೂ ಬಿಸಿನೀರು ಜೋರಾಗಿ, ತಣ್ಣೀರು ನಿಧಾನವಾಗಿ ಬಂದರೆ ಟ್ಯಾಂಕನ್ನೋ ಮುಖ್ಯ ಲೈನನ್ನೋ ದೂರುವಂತಿಲ್ಲ. ಕವಲೊಡೆದ ಜಾಗದಿಂದ ಈಚೆಗೆ ಹುಡುಕಬೇಕು.

ನಮ್ಮಲ್ಲಿ ಬಿಸಿ ಮತ್ತು ತಣ್ಣೀರು ಟ್ಯಾಂಕಿನ ಬಾಯಿಯಿಂದಲೇ ಬೇರೆಯಾಗುವುದರಿಂದ ಅದೇ ಹೋಲಿಕೆ ಬೇರೊಂದನ್ನು ಹೇಳಿತು. ಸೋಲಾರ್ ಮೂಲಕ ಬರುವ ನೀರಿಗೂ ಬಲ ಕೊಡುವುದು ಅದೇ ಟ್ಯಾಂಕಿನ ನೀರಿನ ಮಟ್ಟವೇ. ಆ ದಾರಿಯಲ್ಲಿ ನಿಮಿಷಕ್ಕೆ ಹತ್ತು ಲೀಟರಿನ ಹತ್ತಿರ ಬರುತ್ತಿದೆ ಎಂದಾದರೆ ಟ್ಯಾಂಕಿನ ಎತ್ತರ ಸಾಲದು ಎಂಬ ವಾದ ಬಿದ್ದುಹೋಗುತ್ತದೆ. ನೆಲಮಹಡಿಯಲ್ಲಿ ತಣ್ಣೀರು ಒಂದಿಷ್ಟು ಹೆಚ್ಚಿರುವುದು ಎತ್ತರದ ಕೊರತೆಗೆ ಸಾಕ್ಷಿಯಲ್ಲ. ಎಲ್ಲರಿಗೂ ಸಮಾನವಾದ ಒಂದು ಇಕ್ಕಟ್ಟು ಮೇಲೆಲ್ಲೋ ಇದ್ದರೂ ಕೆಳಗಿನವರಿಗೆ ಹೆಚ್ಚು ಎತ್ತರದ ಬಲ ಸಿಗುವುದರಿಂದ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಇಕ್ಕಟ್ಟಿನ ಮೂಲಕ ಹಾಯುವ ನೀರು ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಮೇಲಿನ ನಲ್ಲಿಗೆ 6 ಮೀಟರ್, ಕೆಳಗಿನ ನಲ್ಲಿಗೆ 9 ಮೀಟರ್ ಎಂದು ಲೆಕ್ಕ ಹಾಕಿದರೆ ಕೆಳಗೆ ನಿಮಿಷಕ್ಕೆ 3.2 ಲೀಟರ್ ಬರಬೇಕು, ನಾವು ಅಳೆದದ್ದೂ ಅಷ್ಟೇ. ಇನ್ನು ಪ್ರೆಶರ್ ಪಂಪಿನ ಮಾತು. ಇಕ್ಕಟ್ಟಾದ ದಾರಿಯ ಮುಂದೆ ಪಂಪ್ ಕೂರಿಸಿದರೆ ಅದಕ್ಕೆ ಬೇಕಾದಷ್ಟು ನೀರು ಸಿಗದೆ ಅದು ಗಾಳಿ ಎಳೆಯತೊಡಗುತ್ತದೆ. ತಣ್ಣೀರಿಗೆ ಮಾತ್ರ ಒತ್ತಡ ಹೆಚ್ಚಿಸಿದರೆ ಮಿಕ್ಸರುಗಳಲ್ಲಿ ಅದು ಬಿಸಿನೀರಿನ ಕೊಳವೆಯೊಳಕ್ಕೆ ನುಗ್ಗಿ ಸೋಲಾರ್ ಕಡೆಗೆ ಹಿಂದೆ ಹರಿಯುವ ಸಂಭವವೂ ಇದೆ. ಒತ್ತಡ ತಾಳಲೆಂದು ಮಾಡಿಲ್ಲದ ಸಾಮಾನ್ಯ ಸೋಲಾರ್ ಟ್ಯಾಂಕಿಗೆ ಅದು ಒಳ್ಳೆಯದಲ್ಲ.

ಉಪ್ಪು ಕಟ್ಟಿದೆ ಎಂಬ ಮಾತನ್ನೂ ಹೀಗೆಯೇ ತೂಗಿ ನೋಡಬೇಕಾಯಿತು. ಬೆಂಗಳೂರಿನ ಬೋರ್‌ವೆಲ್ ನೀರು ಬಳಸುವ ಬಡಾವಣೆಗಳಲ್ಲಿ ಇದು ನಿಜಕ್ಕೂ ದೊಡ್ಡ ಸಮಸ್ಯೆ. ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ 10500, ಗಡಸುತನಕ್ಕೆ, ಅಂದರೆ ಕರಗಿರುವ ಸುಣ್ಣದಂಥ ಲವಣಗಳಿಗೆ, ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿಯನ್ನು ಹೇಳಿ, ಬೇರೆ ಮೂಲವಿಲ್ಲದಾಗ 600ರವರೆಗೆ ಒಪ್ಪುತ್ತದೆ. ಅಷ್ಟು ಗಡಸಾದ ನೀರು ವರ್ಷಗಟ್ಟಲೆ ಹರಿದರೆ ಕೊಳವೆಯೊಳಗೆ ಸುಣ್ಣದ ಪದರ ಕಟ್ಟದೆ ಇರುವುದಿಲ್ಲ. ಕೊಳವೆಯ ಒಳವ್ಯಾಸ ಅರ್ಧಕ್ಕಿಳಿದರೆ ಅದೇ ಎತ್ತರದಿಂದ ಬರುವ ನೀರು ಅರ್ಧವಾಗುವುದಿಲ್ಲ, ಸುಮಾರು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಸುಣ್ಣ ಹೆಚ್ಚು ಕಟ್ಟುವುದು ಕಾದ ನೀರು ಹರಿಯುವ ಕಡೆ, ಏಕೆಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಗೆ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೇರ್ಪಡುತ್ತದೆ. ನಮ್ಮ ಬಿಸಿನೀರಿನ ಲೈನು ಅದೇ ನೀರನ್ನು ಅಷ್ಟೇ ವರ್ಷ ಹೊತ್ತೂ ಚೆನ್ನಾಗಿದ್ದಾಗ ತಣ್ಣೀರಿನ ಲೈನು ಮಾತ್ರ ಉಪ್ಪು ಕಟ್ಟಿ ಮುಚ್ಚಿತು ಎಂದು ನಂಬುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ಸುಣ್ಣ ಕಟ್ಟುವುದು ವರ್ಷಗಳ ಕೆಲಸ. ನಮ್ಮ ನೀರು ಸೊರಗಿದ್ದು ಒಂದೇ ವಾರದಲ್ಲಿ. ಹೀಗಾಗಿ ಗೋಡೆ ಒಡೆಯುವ ಯೋಚನೆಯನ್ನು ಕೈಬಿಟ್ಟೆ.

ಲೈನಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು ಎಂದು ನಮ್ಮ ಯಜಮಾನರು ಸೂಚಿಸಿದರು, ಅದೂ ಅಲ್ಲಗಳೆಯುವಂಥದ್ದಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದಾಗ ಕೊಳವೆ ಎಲ್ಲಾದರೂ ಏರಿ ಇಳಿಯುವಂತಿದ್ದರೆ ಆ ಏರಿನಲ್ಲಿ ಗಾಳಿ ನಿಲ್ಲುತ್ತದೆ. ಆದರೆ ಗಾಳಿ ಸಿಕ್ಕ ನಲ್ಲಿ ಬುಸುಗುಟ್ಟುತ್ತದೆ, ಉಗುಳುತ್ತದೆ, ಒಮ್ಮೆ ಬಂದು ಒಮ್ಮೆ ನಿಲ್ಲುತ್ತದೆ, ಎಲ್ಲಕ್ಕಿಂತ ಕೆಳಗಿನ ನಲ್ಲಿಗಳನ್ನೆಲ್ಲ ಒಟ್ಟಿಗೆ ತೆರೆದು ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಮ್ಮ ಧಾರೆ ಸಣ್ಣದಾಗಿದ್ದರೂ ಗಾಜಿನ ಕಡ್ಡಿಯಂತೆ ನಿಶ್ಚಲವಾಗಿತ್ತು. ಟ್ಯಾಂಕಿನ ಪಕ್ಕದಲ್ಲಿ ಗಾಳಿ ಹೊರಹೋಗಲೆಂದು ಇರುವ ಏರ್ ಪೈಪಿನ ಬಾಯಿಯೂ ತೆರೆದೇ ಇತ್ತು.

ಈ ಹಂತದಲ್ಲಿ ಒತ್ತಡಕ್ಕೂ ಹರಿವಿಗೂ ಇರುವ ವ್ಯತ್ಯಾಸವನ್ನು ಹೇಳಲೇಬೇಕು, ಏಕೆಂದರೆ ಬಹಳಷ್ಟು ತಪ್ಪು ತೀರ್ಮಾನಗಳು ಹುಟ್ಟುವುದೇ ಇಲ್ಲಿ. ನಲ್ಲಿಯ ಬಾಯಿಗೆ ಹೆಬ್ಬೆರಳನ್ನು ಒತ್ತಿ ಹಿಡಿದು, "ಪ್ರೆಶರ್ ಚೆನ್ನಾಗಿಯೇ ಇದೆಯಲ್ಲ" ಎನ್ನುವವರಿದ್ದಾರೆ. ನೀರು ನಿಂತಿರುವಾಗ ದಾರಿಯಲ್ಲಿ ಸೂಜಿಯ ಮೊನೆಯಷ್ಟೇ ತೂತು ಉಳಿದಿದ್ದರೂ ಈಚೆಯ ಒತ್ತಡ ಟ್ಯಾಂಕಿನ ಪೂರ್ತಿ ಎತ್ತರಕ್ಕೆ ಸಮವಾಗಿರುತ್ತದೆ. 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್. ನೀರು ಹರಿಯತೊಡಗಿದ ಮೇಲೆಯೇ ಇಕ್ಕಟ್ಟಾದ ಜಾಗ ಆ ಒತ್ತಡವನ್ನು ನುಂಗುತ್ತದೆ. ಆದ್ದರಿಂದ ಅಡ್ಡಿ ಎಲ್ಲಿದೆ ಎಂದು ತಿಳಿಯಬೇಕಾದರೆ ನೀರು ಹರಿಯುತ್ತಿರುವಾಗ ಒತ್ತಡ ಎಲ್ಲಿ ಬೀಳುತ್ತದೆ ಎಂದು ನೋಡಬೇಕು.

ಅದನ್ನು ನೋಡಲು ನಮ್ಮ ಊರುಗಳಲ್ಲಿ ಎಲ್ಲ ಗಾರೆ ಮೇಸ್ತ್ರಿಗಳ ಬಳಿಯೂ ಇರುವ ಒಂದು ಸಾಧನ ಸಾಕು: ನೆಲದ ಮಟ್ಟ ನೋಡುವ ಪಾರದರ್ಶಕವಾದ ಲೆವೆಲ್ ಪೈಪು. ಹದಿನೈದು ಮೀಟರ್ ಪೈಪು ತಂದು, ಮೇಲಿನ ಮಹಡಿಯ ಯುಟಿಲಿಟಿಯಲ್ಲಿ ವಾಷಿಂಗ್ ಮಷೀನಿಗೆಂದು ಇರುವ ತಣ್ಣೀರಿನ ನಲ್ಲಿಯ ಮೂತಿಗೆ ಅದನ್ನು ಕ್ಲಿಪ್ ಹಾಕಿ ಬಿಗಿದೆವು. ಇನ್ನೊಂದು ತುದಿಯನ್ನು ಮಗ ಹೊರಗೋಡೆಗುಂಟ ಮೇಲೆತ್ತಿಕೊಂಡು ಮೆಟ್ಟಿಲ ಕೋಣೆಯ ತಲೆಯ ಮೇಲೆ, ಟ್ಯಾಂಕಿನ ಪಕ್ಕದಲ್ಲಿ ಹಿಡಿದು ನಿಂತ. ಮನೆಯ ಎಲ್ಲ ನಲ್ಲಿಗಳನ್ನೂ ಮುಚ್ಚಿ ಈ ಒಂದನ್ನು ತೆರೆದಾಗ ಪೈಪಿನಲ್ಲಿ ನೀರು ನಿಧಾನವಾಗಿ ಏರಿ, ಟ್ಯಾಂಕಿನೊಳಗಿನ ನೀರಿನ ಮಟ್ಟಕ್ಕೆ ಸರಿಯಾಗಿ ಬಂದು ನಿಂತಿತು. ಇದು ನಿರೀಕ್ಷಿತವೇ. ಆಮೇಲೆ ಬಚ್ಚಲಿನ ಬಿಸಿನೀರಿನ ನಲ್ಲಿ ತೆರೆದೆ: ಪೈಪಿನ ನೀರು ಅಲುಗಲಿಲ್ಲ. ಅದನ್ನು ಮುಚ್ಚಿ ಬಚ್ಚಲಿನ ತಣ್ಣೀರಿನ ನಲ್ಲಿ ತೆರೆದೆ: ಮೇಲಿನಿಂದ ಮಗ ಕೂಗಿ ಹೇಳುತ್ತಿದ್ದಂತೆಯೇ ಪೈಪಿನ ನೀರು ಇಳಿಯತೊಡಗಿ, ಮೆಟ್ಟಿಲ ಕೋಣೆಯ ಗೋಡೆಯನ್ನೂ ತಾರಸಿಯ ಅಂಚನ್ನೂ ದಾಟಿ, ಯುಟಿಲಿಟಿಯ ಕಂಬಿಯ ಬಳಿ ನನ್ನ ಕಣ್ಣೆದುರಿಗೇ ಬಂದು ಕೊನೆಗೆ ವಾಷಿಂಗ್ ಮಷೀನಿನ ನಲ್ಲಿಯ ಮಟ್ಟದ ಆಸುಪಾಸಿನಲ್ಲಿ ನಿಂತಿತು. ಹದಿನೆಂಟು ಅಡಿಯಷ್ಟು ಎತ್ತರದ ಬಲ ಬಹುಪಾಲು ಪೂರ್ತಿ ಎಲ್ಲೋ ಕರಗಿಹೋಗುತ್ತಿತ್ತು. ಅಡ್ಡಿ ಬಚ್ಚಲಿನ ಸ್ವಂತ ಕವಲಿನಲ್ಲಿ ಇದ್ದಿದ್ದರೆ ಯುಟಿಲಿಟಿಯ ಕವಲಿಗೆ ಅದರ ಬಿಸಿ ತಟ್ಟುತ್ತಿರಲಿಲ್ಲ, ಪೈಪಿನ ನೀರು ಸ್ವಲ್ಪವೇ ತಗ್ಗಿ ನಿಲ್ಲುತ್ತಿತ್ತು. ಇಷ್ಟು ತಳಕ್ಕಿಳಿದಿದೆ ಎಂದರೆ ಎರಡೂ ಕವಲುಗಳು ಒಂದಾಗುವ ಜಾಗಕ್ಕಿಂತ ಮೇಲೆಯೇ ಅಡ್ಡಿ. ಒಂದೇ ಒಂದು ಪರೀಕ್ಷೆಯಿಂದ ಮನೆಯೊಳಗಿನ ಎಲ್ಲ ಗೋಡೆಗಳೂ ಸಂಶಯದಿಂದ ಹೊರಬಂದವು. ಪುಸ್ತಕದಲ್ಲಿ ಓದಿದ ಸಂಗತಿ ಸ್ವಂತ ಗೋಡೆಯ ಮೇಲೆ ಇಷ್ಟು ನಿಚ್ಚಳವಾಗಿ ಕಂಡದ್ದರ ಸಂತೋಷವನ್ನು ನಾನು ಮರೆಯಲಾರೆ.

ಉಳಿದದ್ದು ಟ್ಯಾಂಕಿನಿಂದ ನೀರು ಹೊರಡುವ ಬಾಯಿಯ ತುಂಡು ಕೊಳವೆ, ಅಂದರೆ ನಿಪ್ಪಲ್, ಗೇಟ್ ವಾಲ್ವ್, ತಾರಸಿಯ ಮೇಲಿನ ಜಿಐ ಕೊಳವೆ ಮತ್ತು ಗೋಡೆಗುಂಟ ಇಳಿಯುವ ಕೊಳವೆ. ಇದನ್ನು ಮತ್ತೆ ಎರಡಾಗಿ ಒಡೆಯಲು ತಾರಸಿಯ ನಲ್ಲಿ ಇತ್ತು, ಅದರ ಕವಲು ವಾಲ್ವ್ ದಾಟಿದ ಕೂಡಲೇ ಹೊರಡುತ್ತದೆ. ಅಲ್ಲಿ ಬಕೆಟ್ ತುಂಬಲು 5 ನಿಮಿಷ 20 ಸೆಕೆಂಡು ಬೇಕಾಯಿತು. ಆ ನಲ್ಲಿ ಟ್ಯಾಂಕಿಗೆ ಹತ್ತಿರವಿರುವುದರಿಂದ ಅದಕ್ಕೆ 3 ಮೀಟರಿನ ಬಲವಷ್ಟೇ ಸಿಗುತ್ತದೆ, ಹಾಗಾಗಿ ಅದು ಯಾವಾಗಲೂ ಮೆತ್ತಗೆಯೇ ಬರುತ್ತಿತ್ತು, ಇನ್ನಷ್ಟು ಮೆತ್ತಗಾದದ್ದನ್ನು ಯಾರೂ ಗಮನಿಸಿರಲಿಲ್ಲ. ವರ್ಗಮೂಲದ ಅದೇ ಲೆಕ್ಕ ಇಲ್ಲಿಯೂ ಹೊಂದಿತು: 6 ಮೀಟರಿಗೆ 2.6 ಲೀಟರ್ ಕೊಡುವ ಇಕ್ಕಟ್ಟು 3 ಮೀಟರಿಗೆ ಸುಮಾರು 1.85 ಲೀಟರ್ ಕೊಡಬೇಕು, ನಮಗೆ ಸಿಕ್ಕಿದ್ದು 1.9 ಲೀಟರಿನ ಆಸುಪಾಸು. ಮೂರು ಎತ್ತರದ ಮೂರು ನಲ್ಲಿಗಳು ಒಂದೇ ಇಕ್ಕಟ್ಟಿನ ಕಡೆಗೆ ಬೆರಳು ತೋರಿಸುತ್ತಿದ್ದವು, ಅದು ತಾರಸಿಯ ನಲ್ಲಿಗಿಂತಲೂ ಮೇಲಿತ್ತು. ಟ್ಯಾಂಕಿನಿಂದ ಅಲ್ಲಿಗೆ ಇದ್ದದ್ದು ಎಂಟು ಹತ್ತು ಅಡಿ ಕೊಳವೆ ಮಾತ್ರ.

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆವು. ಪ್ಲಾಸ್ಟಿಕ್ ಚೀಲದ ತುಂಡೊಂದು ನಿಪ್ಪಲಿನ ಬಾಯಿಗೆ ಅಂಟಿಕೊಂಡು ಹೀಗೆ ಮಾಡುವುದುಂಟು, ನಮ್ಮದು ತೆರೆದೇ ಇತ್ತು, ತಳದಲ್ಲಿ ಕೆಸರೂ ಇರಲಿಲ್ಲ. ಇರುವುದಾದರೂ ಹೇಗೆ, ಹಬ್ಬಕ್ಕೆ ಒಂದು ವಾರದ ಹಿಂದೆಯಷ್ಟೇ ಟ್ಯಾಂಕ್ ತೊಳೆಸಿದ್ದೆವು. ಆ ನೆನಪು ಬಂದ ಕ್ಷಣವೇ ನನ್ನ ಕೈ ಗೇಟ್ ವಾಲ್ವಿನ ಚಕ್ರದ ಮೇಲೆ ಹೋಯಿತು. ತೊಳೆಯಲು ಬಂದವರು ಕೆಸರು ಕೆಳಗಿಳಿಯದಿರಲೆಂದು ಅದನ್ನು ಮುಚ್ಚಿ, ಕೆಲಸ ಮುಗಿದ ಮೇಲೆ ತೆರೆದು ಹೋಗಿದ್ದರು. ಸರಿಯಾದ ವಾಲ್ವಿನ ಚಕ್ರ ಕೆಲವು ಸುತ್ತು ತಿರುಗಿ ಗಟ್ಟಿಯಾಗಿ ನಿಲ್ಲಬೇಕು. ನಮ್ಮದು ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಎಲ್ಲಿಯೂ ತಡೆಯದೆ ಸುತ್ತುತ್ತಲೇ ಇತ್ತು.

ಗೇಟ್ ವಾಲ್ವಿನೊಳಗೆ ಒಂದು ಹಿತ್ತಾಳೆಯ ಬೆಣೆ ಇರುತ್ತದೆ. ಚಕ್ರಕ್ಕೆ ಸೇರಿದ ಸ್ಪಿಂಡಲ್ ತಿರುಗಿದಂತೆಲ್ಲ ಅದರ ಮರೆಯನ್ನು, ಅಂದರೆ ತಿರುಪಿನ ಸುರುಳಿ ಗೀರನ್ನು, ಹಿಡಿದುಕೊಂಡು ಬೆಣೆ ಮೇಲೇರುತ್ತದೆ, ಕೆಳಗಿಳಿದು ನೀರಿನ ದಾರಿಯನ್ನು ಮುಚ್ಚುತ್ತದೆ. ಹಲವು ವರ್ಷ ನೀರಿನಲ್ಲಿದ್ದ ಹಿತ್ತಾಳೆಯಿಂದ ಸತು ಕರಗಿ ಹೊರಟು ಲೋಹ ಪೊಳ್ಳಾಗುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ವಾಲ್ವನ್ನು ಒಂದು ದಿನ ಬಲವಾಗಿ ತಿರುಗಿಸಿದಾಗ ಆ ಪೊಳ್ಳು ಮರೆ ಕಿತ್ತುಹೋಗಿ, ಸ್ಪಿಂಡಲ್ ತಾನೊಂದೇ ತಿರುಗುತ್ತ, ಬೆಣೆ ದಾರಿಗೆ ಅಡ್ಡಲಾಗಿ ಉಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ವಾಲ್ವ್ ಪೂರ್ತಿ ತೆರೆದಂತೆಯೇ ಕಾಣುತ್ತದೆ. ತೊಳೆಯಲು ಬಂದವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. 1994ರಿಂದ ಅಲ್ಲಿದ್ದ ವಾಲ್ವಿನ ಸ್ಥಿತಿಯನ್ನು ತಿಳಿದುಕೊಳ್ಳಬೇಕಾದವರು ಮನೆಯವರಾದ ನಾವು.

ಮೂರನೆಯದಾಗಿ ಬಂದ ಹಿರಿಯ ಪ್ಲಂಬರಿಗೆ ಈ ಅಂಕಿಗಳನ್ನೆಲ್ಲ ತೋರಿಸಿದೆ. ಅವರು ಹಾಳೆಯನ್ನು ಕೊನೆಯವರೆಗೂ ಓದಿ, "ಹಂಗಾದ್ರೆ ವಾಲ್ವ್ ಒಂದೇ ಅಮ್ಮಾ, ಬೇರೆ ಏನೂ ಮುಟ್ಟೋದು ಬೇಡ" ಎಂದರು. ಟ್ಯಾಂಕಿನ ಬಾಯಿಗೆ ಒಳಗಿನಿಂದ ಬಟ್ಟೆ ಸುತ್ತಿದ ಮರದ ಬಿರಡೆ ಒತ್ತಿ, ಹಳೆಯ ವಾಲ್ವನ್ನು ಕತ್ತರಿಸಿ ತೆಗೆದರು. ಬೆಣೆ ಓರೆಯಾಗಿ ಸಿಕ್ಕಿಕೊಂಡು, ಕೆಳಭಾಗದಲ್ಲಿ ಎಳೆಯ ಚಂದ್ರನಂತಹ ಒಂದು ಸಂದನ್ನು ಮಾತ್ರ ಬಿಟ್ಟಿತ್ತು. ಜಿಐ ಕೊಳವೆಯೊಳಗೆ ತುಕ್ಕಿನ ಪದರ ಇದ್ದರೂ ಹೆಬ್ಬೆರಳು ಹೋಗುವಷ್ಟು ದಾರಿ ತೆರೆದಿತ್ತು. ಅದೇ ಜಾಗಕ್ಕೆ ಒಂದು ಇಂಚಿನ ಹಿತ್ತಾಳೆಯ ಬಾಲ್ ವಾಲ್ವ್ ಹಾಕಿಸಿ, ಮುಂದೆ ಕತ್ತರಿಸದೆಯೇ ಬಿಚ್ಚಲು ಬರುವಂತೆ ಪಕ್ಕದಲ್ಲೊಂದು ಯೂನಿಯನ್ ಕೊಡಿಸಿದೆವು. ಬಾಲ್ ವಾಲ್ವಿನ ಹಿಡಿ ಕೊಳವೆಯ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಲಾಗಿದ್ದರೆ ಮುಚ್ಚಿದೆ, ನೋಡಿದವರಿಗೆ ಗೊಂದಲವಿಲ್ಲ. ನೀರು ಬಿಡುವ ಮೊದಲು ಎಲ್ಲ ನಲ್ಲಿಗಳ ಜಾಲರಿಗಳನ್ನೂ ಬಿಚ್ಚಿಟ್ಟೆವು, ತಾರಸಿಯ ನಲ್ಲಿಯನ್ನು ಮೊದಲು ತೆರೆದು ಕೆಂಪು ನೀರು ತಿಳಿಯಾಗುವವರೆಗೂ ಹರಿಯಲು ಬಿಟ್ಟೆವು. ಇದನ್ನು ಮಾಡದಿದ್ದರೆ ಅಲುಗಾಡಿದ ತುಕ್ಕೆಲ್ಲ ಇಳಿದು ಕಾರ್ಟ್ರಿಜ್‌ಗಳಿಗೆ ಸೇರಿಕೊಳ್ಳುತ್ತದೆ.

ನಡುವೆ ಒಂದು ವಿಚಿತ್ರ ನಮ್ಮನ್ನು ಕಾಡಿತ್ತು, ಅದನ್ನೂ ಇಲ್ಲಿ ದಾಖಲಿಸುತ್ತೇನೆ. ಆ ಹತ್ತು ದಿನಗಳಲ್ಲಿ ಮೇಲಿನ ಬೇಸಿನ್ನಿನ ತಣ್ಣೀರಿನ ನಲ್ಲಿಯಲ್ಲಿ ಆಗಾಗ ಬೆಚ್ಚನೆಯ ನೀರು ಬರುತ್ತಿತ್ತು. ಬೇಸಿಗೆಯಲ್ಲಿ ತಾರಸಿಯ ಕೊಳವೆ ಬಿಸಿಲಿಗೆ ಕಾದು ಮೊದಲ ಒಂದೆರಡು ನಿಮಿಷ ಹೀಗಾಗುವುದು ಸಹಜ, ಆದರೆ ಅಂಥ ನೀರು ಬಿಟ್ಟಷ್ಟೂ ತಣ್ಣಗಾಗುತ್ತ ಹೋಗುತ್ತದೆ. ಇದು ಬಿಟ್ಟಷ್ಟೂ ಬಿಸಿಯಾಗುತ್ತಿತ್ತು. ಕಾರಣ ಪಕ್ಕದ ಬಚ್ಚಲಿನ ಹ್ಯಾಂಡ್ ಶವರಿನಲ್ಲಿತ್ತು. ಮಿಕ್ಸರಿನ ಎರಡೂ ತಿರುಪುಗಳನ್ನು ತೆರೆದೇ ಬಿಟ್ಟು ಶವರಿನ ಗುಂಡಿಯನ್ನಷ್ಟೇ ಬಿಟ್ಟರೆ ಒಳಗೆ ಬಿಸಿ ಮತ್ತು ತಣ್ಣೀರಿನ ಲೈನುಗಳು ಒಂದಾಗಿಯೇ ಇರುತ್ತವೆ, ಸೊರಗಿದ ತಣ್ಣೀರಿನ ಲೈನಿಗೆ ಬಲವಾದ ಬಿಸಿನೀರು ಆ ದಾರಿಯಿಂದ ನುಗ್ಗುತ್ತದೆ. ತಣ್ಣೀರಿನ ನಲ್ಲಿಯಲ್ಲಿ ಹೆಚ್ಚುತ್ತ ಹೋಗುವ ಬಿಸಿ ಕಂಡರೆ ಇಂಥ ಮಿಕ್ಸರನ್ನು ಹುಡುಕಿ ಮುಚ್ಚಬೇಕು. ಅದು ತೆರೆದಿದ್ದಾಗ ಮಾಡಿದ ಬಕೆಟ್ ಅಳತೆಗಳೂ ತಪ್ಪಾಗುತ್ತವೆ, ನಾವು ಒಂದು ದಿನದ ಅಳತೆಗಳನ್ನು ಹಾಗಾಗಿ ಕೈಬಿಟ್ಟು ಮತ್ತೆ ಮಾಡಿದೆವು.

ವಾಲ್ವ್ ಬದಲಾದ ಸಂಜೆ ಮೇಲಿನ ಬಚ್ಚಲಿನ ತಣ್ಣೀರು 48 ಸೆಕೆಂಡಿನಲ್ಲಿ ಬಕೆಟ್ ತುಂಬಿತು, ನೆಲಮಹಡಿಯದು 40 ಸೆಕೆಂಡಿನಲ್ಲಿ. ಅತ್ತೆಯವರು ತಾವೇ ನಲ್ಲಿ ತಿರುಗಿಸಿ ನೋಡಿ, ಮಾವನವರು ಮನೆ ಕಟ್ಟಿಸಿದ ಹೊಸತರಲ್ಲಿ ಹೀಗೆಯೇ ಬರುತ್ತಿತ್ತು ಎಂದರು. ಈಗ ಅವರು ಮೊದಲು ತಣ್ಣೀರು ಹಿಡಿದುಕೊಂಡು ಆಮೇಲೆ ಬಿಸಿನೀರು ಬೆರೆಸುತ್ತಾರೆ. ತಣ್ಣೀರಿನ ಹರಿವು ಎಂದಾದರೂ ಮತ್ತೆ ಕುಗ್ಗಿದರೆ ಬಕೆಟ್ಟಿನಲ್ಲಿ ಅವರಿಗೇ ಮೊದಲು ತಿಳಿಯುತ್ತದೆ. ಅಂಕಿಗಳನ್ನು ತಾರೀಖಿನ ಸಮೇತ ಬರೆದ ಹಾಳೆ ಮೋಟರಿನ ಸ್ವಿಚ್ಚಿನ ಪಕ್ಕದಲ್ಲಿ ಅಂಟಿಸಿದೆ. ಆ ಹಾಳೆಯಲ್ಲಿ ಅಡುಗೆಮನೆಯ ನಲ್ಲಿ ಮಾತ್ರ ಇನ್ನೂ 95 ಸೆಕೆಂಡಿನಲ್ಲಿ ನಿಂತಿದೆ. ಕನೆಕ್ಷನ್ ಪೈಪು ಬಿಚ್ಚಿ ಹಿಡಿದಾಗಲೂ ನೀರು ಅಷ್ಟೇ ಬಂದದ್ದರಿಂದ ಸಿಂಕಿನ ಕೆಳಗಿನ ಆಂಗಲ್ ಕಾಕ್ ಪೂರ್ತಿ ತೆರೆಯುತ್ತಿಲ್ಲ ಎಂದು ನನ್ನ ಅಂದಾಜು. ಹೊಸದನ್ನು ತಂದಿಟ್ಟಿದ್ದೇನೆ, ಬರುವ ಭಾನುವಾರ ಟ್ಯಾಂಕಿನ ವಾಲ್ವ್ ಮುಚ್ಚಿ ಅದನ್ನು ಬದಲಾಯಿಸಬೇಕು.